ವಿಮಾನದವರ ತೊಗಲು ಜಾಕೆಟ್ಟುಗಳು

ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ‘ಕೋಟು ಕಾಯುತ್ತಿದ್ದೆ’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಬಹಳ ಸಲ ನನಗೂ ಅಷ್ಟೇ ಬೇಕಾಗಿರುತ್ತದೆ. ಆದರೆ ಹೋದ ತಿಂಗಳು, ನನ್ನ ಜಾಗಕ್ಕೆ ಹೊಸದಾಗಿ ನೇಮಕವಾದ ಹುಡುಗಿಯೊಬ್ಬಳು ವಿಳಾಸ ಹುಡುಕಿಕೊಂಡು ನನ್ನ ಊರು ತಂಬೂರಿಗೆ ಬಂದಳು. ಓದಿದವಳು. ಚರ್ಮ, ಬಟ್ಟೆ, ಹಳೆಯ ಕಾಗದ ಹೇಗೆ ಕಾಪಾಡಬೇಕೆಂದು ದೊಡ್ಡ ಊರಿನಲ್ಲಿ ಕಲಿತು ಬಂದಿದ್ದಾಳೆ. ಚಹಾ ಕುಡಿದು, ‘ಸರ್, ಪುಸ್ತಕದಾಗ ಇರೂದೆಲ್ಲಾ ಓದೇನ್ರಿ. ಅದರಾಗ ಇಲ್ಲದ್ದು ಏನರ ಇದ್ರ ಹೇಳ್ರಿ’ ಅಂದಳು. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಬರೆಯಲು ಕೂತೆ.

ಕುಂದಗೋಳದ ರೈಲ್ವೆ ಸ್ಟೇಷನ್ನಿನ ಆಚೆ ಹತ್ತಿ ಹಿಂಜುವ ಹಳೆಯ ಗಿರಣಿಯೊಂದಿತ್ತು. ನಾನು ಬರುವ ಹೊತ್ತಿಗೆ ಅದು ನಿಂತು ಎಷ್ಟೋ ವರ್ಷವಾಗಿತ್ತು. ಗಿರಣಿಯ ಮಾಲೀಕರ ಮನೆತನದ ಒಬ್ಬರು ವಾಯುಪಡೆಯಲ್ಲಿ ವಿಮಾನ ಹಾರಿಸಿ, ನಿವೃತ್ತರಾಗಿ ಊರಿಗೆ ಬಂದರು. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಗಿರಣಿಯ ಒಂದು ದೊಡ್ಡ ಗೋದಾಮು ಸುಣ್ಣ ಬಳಿಸಿ, ಹಳೆಯ ಹಾರಾಟದ ಸಾಮಾನುಗಳನ್ನು ತುಂಬಲು ಶುರುಮಾಡಿದರು. ಹೆಲ್ಮೆಟ್ಟು, ಕನ್ನಡಕ, ನಕ್ಷೆ, ಪ್ಯಾರಾಚೂಟಿನ ಬಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ ಚರ್ಮದ ಜಾಕೆಟ್ಟು. ಗೆಳೆಯರು ಕೊಟ್ಟರು, ಗೆಳೆಯರು ಹೋದ ಮೇಲೆ ಅವರ ಹೆಂಡಂದಿರು ಕಳಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಳೆ ಬಜಾರುಗಳಿಗೆ ಬಂದು ಬಿದ್ದಿದ್ದ ವಿದೇಶಿ ಜಾಕೆಟ್ಟುಗಳೂ ಕೆಲವಿದ್ದವು. ಒಟ್ಟು ನಲವತ್ತಕ್ಕೆ ಒಂದೆರಡು ಹೆಚ್ಚು. ಒಂದು ಟ್ರಸ್ಟು ಮಾಡಿ, ತೊಗಲು ಗೊತ್ತಿರುವ ಒಬ್ಬ ಮನುಷ್ಯ ಬೇಕೆಂದು ಹುಬ್ಬಳ್ಳಿಯ ನಮ್ಮ ತರಬೇತಿ ಮೇಷ್ಟ್ರಿಗೆ ಹೇಳಿಕಳಿಸಿದರು. ಮೇಷ್ಟ್ರು ನನ್ನನ್ನು ಕಳಿಸಿದರು.

ತೊಗಲು ನನಗೆ ಅಜ್ಜನಿಂದ ಗೊತ್ತಿತ್ತು. ಅಜ್ಜ ಚಪ್ಪಲಿ ಮಾಡುತ್ತಿದ್ದ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದ. ನಮ್ಮಪ್ಪ ಬೌದ್ಧ ಧರ್ಮಕ್ಕೆ ಬಂದವನು. ಬಂದ ದಿನವೇ ಅಜ್ಜನ ಉಳಿ, ದಾರ, ಕಲ್ಲು ಎಲ್ಲವನ್ನೂ ಕೆರೆಗೆ ಎಸೆದು ಬಂದನಂತೆ. ಆಮೇಲೆ ರಸ್ತೆ ಕೆಲಸದ ಗ್ಯಾಂಗಿನಲ್ಲಿ ದುಡಿದು ನನ್ನನ್ನು ಓದಿಸಿದ. ಅಂಥವನ ಮಗ ನಾನು, ಹುಬ್ಬಳ್ಳಿಯಲ್ಲಿ ಬೇರೆಲ್ಲೂ ಸೀಟು ಸಿಗದೆ ಚರ್ಮದ ತರಬೇತಿಗೇ ಸೇರಿದ್ದೆ. ಕುಂದಗೋಳದ ಕೆಲಸ ಸಿಕ್ಕಿತೆಂದು ಹೇಳಿದಾಗ ಅಪ್ಪ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

‘ಏನ್ ಕೆಲಸಾ?’

‘ಜಾಕೆಟ್ ನೋಡಿಕೊಳ್ಳೂದು. ವಿಮಾನದವ್ರವು.’

‘ಯಾತರದು ಜಾಕೆಟ್ಟು?’

‘ತೊಗಲಿಂದು.’

ಅಪ್ಪ ಬಾಯಿ ಮುಕ್ಕಳಿಸಿ ಉಗಿದ. ‘ಬಿಟ್ಟು ಬಂದಿದ್ದೆ ನಾ. ನೀ ಮತ್ತ ಹುಡಕ್ಕೊಂಡು ಹ್ವಾದಿ’ ಅಂದ. ಅಷ್ಟೇ. ತಂಬೂರಿನಿಂದ ಎರಡು ಬಸ್ಸು ಬದಲಿಸಿದರೆ ಕುಂದಗೋಳ. ಅವನು ಇನ್ನೂ ಹದಿನಾರು ವರ್ಷ ಬದುಕಿದ್ದ, ಒಮ್ಮೆಯೂ ಬರಲಿಲ್ಲ.

ಕುಂದಗೋಳದಲ್ಲಿ ನನಗೆ ಬಾಡಿಗೆ ಮನೆ ಸಿಗಲಿಲ್ಲ. ‘ಏನ್ ಕೆಲಸಾ ಮಾಡ್ತೀರಿ?’ ಎಂದು ಕೇಳುವವರೆಗೆ ಎಲ್ಲವೂ ಸರಿಯಿರುತ್ತಿತ್ತು. ಹೇಳಿದ ಮರುದಿನ ಮನೆ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಮೂರನೆಯ ಮನೆಯೂ ಹೀಗಾದಾಗ ಸಾಹೇಬರು ಏನೂ ಕೇಳದೆ ಗಿರಣಿಯ ತೂಕದ ಕೋಣೆಯ ಕೀಲಿಕೈ ತಂದು ಕೊಟ್ಟರು. ಹಿಂದೆ ಹತ್ತಿಯ ಮೂಟೆ ತೂಗುತ್ತಿದ್ದ ಕೋಣೆ. ನಿವೃತ್ತನಾಗುವವರೆಗೆ ಅಲ್ಲೇ ಇದ್ದೆ. ಮದುವೆಯಾಗಲಿಲ್ಲ. ಅದರ ಕಾರಣ ಇಲ್ಲಿ ಬೇಡ.

ಮೊದಲ ದಿನ ಸಾಹೇಬರು ಅರ್ಜಿ ನೋಡಲಿಲ್ಲ. ಮೇಜಿನ ಮೇಲೆ ಒಂದು ಜಾಕೆಟ್ಟು ಹರವಿ, ‘ಇದನ್ನ ಹಾಕ್ಕೋತಿದ್ದಾಂವ ಎಡಚ ಏನು ಬಲಚ?’ ಅಂದರು. ನಾನು ಹತ್ತು ನಿಮಿಷ ನೋಡಿದೆ. ಎಡಗಡೆಯ ಜೇಬಿನ ಬಾಯಿ ನುಣ್ಣಗಾಗಿತ್ತು, ಬಲಗಡೆಯದರ ಅಂಚು ಇನ್ನೂ ಗಡುಸಾಗಿತ್ತು. ಎಡತೋಳಿನ ಮೊಣಕೈ ಹತ್ತಿರ ಮಡಿಕೆಗಳು ಆಳವಾಗಿದ್ದವು. ‘ಎಡಚ್ರಿ’ ಅಂದೆ. ‘ಅಂವ ನನ್ನ ಜೋಡಿ ಇದ್ದ. ಎಡಚನ’ ಎಂದು ಸಾಹೇಬರು ಜಾಕೆಟ್ಟನ್ನು ಮಡಿಚಿಟ್ಟರು. ‘ನಾಳಿಂದ ಬಾ.’

ಜಾಕೆಟ್ಟು ಮುಪ್ಪಾಗುವ ರೀತಿ ಒಂದೊಂದು ತೊಗಲಿಗೆ ಒಂದೊಂದು. ಕುದುರೆಯ ಚರ್ಮ ಮೊದಲಿಗೆ ಹಲಗೆಯಂತೆ ಬಿಗಿ. ಹಾಕಿಕೊಂಡವನೊಡನೆ ವರ್ಷಗಟ್ಟಲೆ ಜಗಳವಾಡಿ ಆಮೇಲೆ ಅವನ ಮೈಗೆ ಒಗ್ಗುತ್ತದೆ. ಅಂಚುಗಳಲ್ಲಿ ಮೇಲಿನ ಬಣ್ಣ ತಿಕ್ಕಿಹೋಗಿ ಒಳಗಿನ ಚಹದ ಬಣ್ಣ ಕಾಣುತ್ತದೆ. ಆಡಿನ ಚರ್ಮ ಸೌಮ್ಯ. ಹರಳುಹರಳಾದ ಅದರ ಮೈ ಎಷ್ಟು ಸವೆದರೂ ಬೇಗ ಸೀಳುವುದಿಲ್ಲ. ಕುರಿಯದ್ದು ಉಣ್ಣೆಸಹಿತ ಬೆಚ್ಚಗಿರುತ್ತದೆ, ಆದರೆ ಬಲವಿಲ್ಲ. ಹೊಲಿಗೆಯ ಗುಂಟ ಕಾಗದದಂತೆ ಹರಿಯುತ್ತದೆ, ಮೇಲಿನ ಬಣ್ಣ ಹಕ್ಕಳೆಯಂತೆ ಏಳುತ್ತದೆ. ಕೊರಳಪಟ್ಟಿಯಲ್ಲಿ ಬೆವರಿನ ಉಪ್ಪು, ತಲೆಗೆ ಹಚ್ಚಿದ ಎಣ್ಣೆ ಕೂಡುತ್ತವೆ. ಹಿತ್ತಾಳೆಯ ಜಿಪ್ಪಿನ ಸುತ್ತ ಹಸಿರು ಮೇಣದಂಥದ್ದು ಬೆಳೆಯುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಮುಂಗೈಗೆ, ಸೊಂಟಕ್ಕೆ ಹೊಲಿದ ಉಲನ್ ಪಟ್ಟಿ. ಚರ್ಮ ಅರವತ್ತು ವರ್ಷ ಬಾಳಿದರೆ ಉಲನ್ ಹತ್ತು ವರ್ಷಕ್ಕೇ ಎಳೆ ಬಿಡುತ್ತದೆ. ಇನ್ನು ಕೆಲವು ಚರ್ಮಗಳಿಗೆ ಒಂದು ರೋಗವಿದೆ. ಕೆಂಪಗೆ ಪುಡಿಪುಡಿಯಾಗಿ, ಮುಟ್ಟಿದರೆ ಕೈಗೆ ಇಟ್ಟಂಗಿಯ ಧೂಳು ಹತ್ತುತ್ತದೆ. ಅದಕ್ಕೆ ಔಷಧವಿಲ್ಲ. ಮುಟ್ಟದೆ ಪೆಟ್ಟಿಗೆಯಲ್ಲಿ ಮಲಗಿಸಬೇಕು, ಅಷ್ಟೇ.

ಇದೆಲ್ಲ ನಾನು ಕಲಿತದ್ದು ಕೆಡಿಸಿ ಕಲಿತದ್ದು. ಮೊದಲ ಮಳೆಗಾಲದಲ್ಲಿ ಐದು ಜಾಕೆಟ್ಟುಗಳ ಮೇಲೆ ಬೆಳ್ಳಗೆ ಮಂಜಿನಂತೆ ಕಟ್ಟಿತು. ಬೂಸ್ಟು ಎಂದುಕೊಂಡು ಸ್ಪಿರಿಟ್ಟಿನಲ್ಲಿ ಅರಿವೆ ಅದ್ದಿ ಗಸಗಸ ಒರೆಸಿದೆ. ಬಿಳಿಯೂ ಹೋಯಿತು, ಬಣ್ಣವೂ ಹೋಯಿತು. ಹುಬ್ಬಳ್ಳಿಯಿಂದ ಮೇಷ್ಟ್ರು ಬಂದರು. ಉಳಿದಿದ್ದ ಒಂದು ಮಚ್ಚೆಗೆ ಕೂದಲು ಒಣಗಿಸುವ ಯಂತ್ರ ಹಿಡಿದರು. ಬಿಳಿ ಕರಗಿ ಚರ್ಮದೊಳಗೆ ಇಳಿಯಿತು. ‘ಇದು ಬೂಸ್ಟಲ್ಲೋ. ತೊಗಲಿನೊಳಗಿನ ಕೊಬ್ಬು ಹೊರಗ ಬಂದದ್ದು. ಬೂಸ್ಟಾಗಿದ್ರ ಕರಗತಿದ್ದಿಲ್ಲ’ ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಕಾಲದಲ್ಲಿ ಎಲ್ಲದಕ್ಕೂ ಎಣ್ಣೆಯೇ ಮದ್ದು. ವರ್ಷಕ್ಕೆರಡು ಸಲ ಎಲ್ಲ ಜಾಕೆಟ್ಟಿಗೂ ಎಣ್ಣೆ ಕುಡಿಸಬೇಕೆಂದು ಸಾಹೇಬರ ಆಜ್ಞೆ. ಗಿರಣಿಯ ತೊಲೆಗಳಿಂದ ಆಗಲೂ ಹತ್ತಿಯ ಎಳೆ ಉದುರುತ್ತಿತ್ತು. ಬೇಸಿಗೆಯಲ್ಲಿ ಹೊಲಗಳಿಂದ ಎರೆಮಣ್ಣಿನ ಧೂಳು ಬರುತ್ತಿತ್ತು. ಎಣ್ಣೆ ಕುಡಿದ ಜಾಕೆಟ್ಟುಗಳು ಎರಡನ್ನೂ ಹಿಡಿದಿಟ್ಟುಕೊಂಡು ಕಪ್ಪಾದವು, ದಾರಗಳು ಕೊಳೆತವು. ನಮ್ಮ ವಿಧಾನ ತಪ್ಪೆಂದು ತಿಳಿಯುವ ಹೊತ್ತಿಗೆ ಏಳೆಂಟು ವರ್ಷವಾಗಿತ್ತು. ಈಗ ಎಣ್ಣೆಯಿಲ್ಲ, ಪಾಲಿಶಿಲ್ಲ. ಮೆತ್ತನೆಯ ಕುಂಚ, ಗಾಳಿಯ ತೇವ ಅಳೆಯುವ ಯಂತ್ರ, ಕತ್ತಲೆ. ಕೆಲಸವೆಂದರೆ ಹೆಚ್ಚಾಗಿ ಏನೂ ಮಾಡದೆ ನೋಡುತ್ತಾ ಕೂರುವುದು. ಹೊಸಬರಿಗೆ ಇದೇ ಕಷ್ಟವಾಗುತ್ತದೆ. ನನಗೂ ಆಗ ಆಗಿತ್ತು.

ನಾನು ಸೇರಿದ ನಾಲ್ಕನೆಯ ವರ್ಷ ಒಂದು ಪಾರ್ಸೆಲ್ ಬಂತು. ಮಾಧವರಾವ್ ಎಂಬ ವಾಯುಪಡೆಯ ಅಧಿಕಾರಿಯ ಜಾಕೆಟ್ಟು. ಅವರು ಕುಬಿಹಾಳದವರು, ಕುಂದಗೋಳದ ಪಕ್ಕದ ಊರಿನವರೇ. ನಾನು ಹುಟ್ಟುವ ಮೊದಲೇ, ಬೇಸಿಗೆಯ ಒಂದು ಮುಂಜಾನೆ, ವಿಮಾನ ಬಿದ್ದು ತೀರಿಕೊಂಡಿದ್ದರು. ಬಿಸಿಲುಗಾಲವಾದ್ದರಿಂದ ಜಾಕೆಟ್ಟು ಟ್ರಂಕಿನಲ್ಲಿತ್ತು. ಅದನ್ನು ಅವರ ಗೆಳೆಯನೊಬ್ಬ ಒಮ್ಮೆಯೂ ತೊಡದೆ ಇಟ್ಟುಕೊಂಡಿದ್ದ. ಆತ ಮುಪ್ಪಿನಲ್ಲಿ ಸಾಹೇಬರಿಗೆ ಕಳಿಸಿದ.

ಒಳ್ಳೆಯ ಆಡಿನ ಚರ್ಮ. ಕೊರಳು ಶುದ್ಧ, ಜಿಪ್ಪು ಶುದ್ಧ. ಆದರೆ ಮುಂಗೈಯ ಪಟ್ಟಿಗಳು ಮೂಲದವಲ್ಲ. ಕಂದು ಬಣ್ಣವಿರಬೇಕಾದಲ್ಲಿ ಕುಂಕುಮಗೆಂಪು ಉಲನ್ನಿನಲ್ಲಿ ಯಾರೋ ಕೈಯಲ್ಲಿ ಹೆಣೆದು ಹೊಲಿದಿದ್ದರು. ಅವೂ ಸವೆದು ಗಟ್ಟಿ ಕಂಬಳಿಯಂತಾಗಿದ್ದವು. ಎಡಗೈಯದರಲ್ಲಿ ಬಿಚ್ಚಿದ ಎಳೆಗಳನ್ನು ನೀಲಿ ದಾರದಿಂದ ಯಾರೋ ಒರಟೊರಟಾಗಿ ಹೊಲಿದಿದ್ದರು. ನೋಡಿದರೆ ಕೆಲಸಗಾರನಿಗೆ ಸಿಟ್ಟು ಬರುವಂಥ ಹೊಲಿಗೆ. ಮೆಸ್ಸಿನ ಯಾವನೋ ಆಳು ಮಾಡಿದ ತೇಪೆ ಎಂದುಕೊಂಡೆ. ಸಾಹೇಬರನ್ನು ಕೇಳಿದೆ. ‘ತಗದ್ಹಾಕು, ಸರಿಯಾದ್ದು ಹಚ್ಚು’ ಅಂದರು. ಹುಬ್ಬಳ್ಳಿಯಿಂದ ಕಂದು ಪಟ್ಟಿ ತರಿಸಿ, ಹಳೆಯ ಸೂಜಿಯ ತೂತುಗಳಲ್ಲೇ ದಾರ ಹಾಯಿಸಿ, ಮೂರು ದಿನ ಕೂತು ಹೊಲಿದೆ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಅದಕ್ಕೆ ಮೊದಲು ಮಾಡಿರಲಿಲ್ಲ. ಸಾಹೇಬರು ಬೆನ್ನು ಚಪ್ಪರಿಸಿ, ‘ಶಾಬಾಸ್ ಯಲ್ಲಪ್ಪ, ಮದುಮಗ ಕಂಡಂಗ ಕಾಣಾಕತ್ತೈತಿ’ ಅಂದರು. ಕೆಂಪು ಪಟ್ಟಿಗಳನ್ನು ನೀರು ಕಾಯಿಸುವ ಒಲೆಗೆ ಹಾಕಿದೆ.

ಆರು ತಿಂಗಳ ಮೇಲೆ ಒಬ್ಬರು ಹೆಣ್ಣುಮಗಳು ಬಂದರು. ಬಿಳಿಯ ಸೀರೆ, ಕೈಯಲ್ಲಿ ಛತ್ರಿ. ಕುಬಿಹಾಳದ ಸಾಲಿಯಲ್ಲಿ ಕಲಿಸುವ ಸುಮಿತ್ರಾ ಅಕ್ಕೋರು. ಮಾಧವರಾವ್ ಅವರ ತಂಗಿ. ಅಣ್ಣನ ಜಾಕೆಟ್ಟು ಇಲ್ಲಿದೆಯೆಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರು. ಸಾಹೇಬರೇ ಎದುರು ಹೋಗಿ ಕರೆತಂದರು. ನಾನು ಗಾಜಿನ ಪೆಟ್ಟಿಗೆ ತೆಗೆದು ಜಾಕೆಟ್ಟನ್ನು ಮೇಜಿನ ಮೇಲಿಟ್ಟೆ. ಅವರು ಕೊರಳು ಮುಟ್ಟಲಿಲ್ಲ, ಎದೆ ಮುಟ್ಟಲಿಲ್ಲ. ನೆಟ್ಟಗೆ ಮುಂಗೈ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಇನ್ನೊಂದು.

‘ಇದು ಬ್ಯಾರೆ ಅದ’ ಅಂದರು.

ನಾನು ಪೆಟ್ಟಿಗೆಯ ಗಾಜು ಒರೆಸತೊಡಗಿದೆ.

‘ಕೆಂಪು ಉಲನ್ನಿಂದು ಇತ್ತು. ನಾನ ಹೆಣದಿದ್ದೆ. ಎಲ್ಲೆ ಹೋತು?’

ನನ್ನ ಬಾಯಿಂದ ಬಂದದ್ದು ಇದು: ‘ನಮಗ ಬಂದಾಗ ಹಿಂಗ ಇತ್ರಿ ಅಕ್ಕೋರ.’

ಅವರು ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು. ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಅಕ್ಕೋರು ತೋಳನ್ನು ಮೆಲ್ಲಗೆ ಇಟ್ಟು, ‘ಹೌದಾ’ ಅಂದರು. ಚಹಾ ಬೇಡವೆಂದರು. ಹೋಗುವಾಗ ಛತ್ರಿ ಮರೆತರು. ನಾನು ಹಿಂದೆ ಓಡಿಹೋಗಿ ಕೊಟ್ಟೆ. ಆಗಲಾದರೂ ಹೇಳಬಹುದಿತ್ತು.

ಸಂಜೆ ಸಾಹೇಬರು ತೂಕದ ಕೋಣೆಯ ಬಾಗಿಲಿಗೆ ಬಂದರು. ಎಂದೂ ಅಲ್ಲಿಗೆ ಬಂದವರಲ್ಲ.

‘ಸುಳ್ಳ ಹೇಳಿದಿ.’

‘ಹೌದ್ರಿ.’

‘ನಾನೂ ಬಾಯಿ ಮುಚ್ಚಿಕೊಂಡು ನಿಂತೆ. ಒಮ್ಮಿ ಕುಬಿಹಾಳಕ್ಕ ಹೋಗೂಣು. ಹೇಳಿ ಬರೂಣು’ ಅಂದರು.

ಕುಂದಗೋಳದಿಂದ ಕುಬಿಹಾಳವೇನು ದೂರವಲ್ಲ, ಸೈಕಲ್ಲಿನ ದಾರಿ. ನಾವು ಹೋಗಲಿಲ್ಲ. ಬಿತ್ತನೆ ಮುಗಿಯಲಿ ಎಂದೆವು, ಮಳೆ ನಿಲ್ಲಲಿ ಎಂದೆವು. ಹಬ್ಬದ ಮುಂದೆ ಯಾಕೆ ಎಂದೆವು. ಎರಡು ವರ್ಷ ಕಳೆದ ಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂತೆಯ ದಿನ ಎಷ್ಟೋ ಸಲ ಅಕ್ಕೋರನ್ನು ದೂರದಿಂದ ಕಂಡಿದ್ದೇನೆ. ಕಂಡಕೂಡಲೇ ಬೇರೆ ಓಣಿ ಹಿಡಿದಿದ್ದೇನೆ. ಅವರು ಮತ್ತೆ ಗಿರಣಿಗೆ ಬರಲಿಲ್ಲ.

ಆ ಘಟನೆಯಿಂದ ಆದ ಒಂದೇ ಒಳ್ಳೆಯದೆಂದರೆ ರಿಜಿಸ್ಟರು. ಬಂದ ಪ್ರತಿ ವಸ್ತುವನ್ನೂ ಮುಟ್ಟುವ ಮೊದಲು ಹೇಗಿದೆ ಎಂದು ಬರೆಯತೊಡಗಿದೆ. ತೇಪೆ, ಕಲೆ, ಜೇಬಿನಲ್ಲಿ ಉಳಿದ ಕಡ್ಡಿಪೆಟ್ಟಿಗೆ, ವಾಸನೆ. ಒಂದರ ಒಳಜೇಬಿನಲ್ಲಿ ಸೋಂಪಿನ ಕಾಳು ಸಿಕ್ಕವು, ಬರೆದೆ. ಒಂದರ ಬೆನ್ನ ಮೇಲೆ ಬೆಕ್ಕಿನ ಉಗುರಿನ ಗೀರು, ಬರೆದೆ. ಜೀವನದಲ್ಲಿ ನಾನು ಹೆಚ್ಚು ಮಾತಾಡಿದ್ದು ಆ ರಿಜಿಸ್ಟರಿನ ಜೊತೆ. ಭಾನುವಾರ ಗಿರಣಿಗೆ ಯಾರೂ ಬರುತ್ತಿರಲಿಲ್ಲ. ಹುಬ್ಬಳ್ಳಿಯ ರೈಲು ಹೋದ ಮೇಲೆ ಸ್ಟೇಷನ್ನೂ ಖಾಲಿ. ಸಾಲಾಗಿ ಮಲಗಿದ ಪೆಟ್ಟಿಗೆಗಳ ನಡುವೆ ಓಡಾಡುತ್ತಾ, ಈತ ಕುಳ್ಳ, ಈತ ಬೀಡಿ ಸೇದುತ್ತಿದ್ದ, ಈತನಿಗೆ ಬಲಭುಜದ ನೋವಿತ್ತು ಎಂದು ಹೇಳಿಕೊಳ್ಳುತ್ತಿದ್ದೆ. ಎಲ್ಲರ ಬಗ್ಗೆಯೂ ಇಷ್ಟಿಷ್ಟು ಗೊತ್ತಿತ್ತು. ನನ್ನ ಬಗ್ಗೆ ಇಷ್ಟು ತಿಳಿದವರು ಕುಂದಗೋಳದಲ್ಲಿ ಯಾರಿದ್ದರು?

ನುಸಿಯ ಕಾಟದ ಕಥೆಯೊಂದನ್ನು ಹೇಳಿಬಿಡುತ್ತೇನೆ. ಕುರಿಯ ಜಾಕೆಟ್ಟುಗಳ ಉಣ್ಣೆಗೆ ನುಸಿ ಹತ್ತಿತು. ಮೊದಲಾದರೆ ಡಾಂಬರು ಗುಳಿಗೆ ಹಾಕುತ್ತಿದ್ದೆವು, ಅದು ಮನುಷ್ಯರಿಗೇ ಒಳ್ಳೆಯದಲ್ಲವೆಂದು ಬಿಟ್ಟಿದ್ದೆವು. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಗಡ್ಡೆಗಟ್ಟುವ ಚಳಿಯಲ್ಲಿಡಿ, ಮೊಟ್ಟೆಸಹಿತ ಸಾಯುತ್ತವೆ ಎಂದು ಮೇಷ್ಟ್ರು ಕಾಗದ ಬರೆದರು. ಅಷ್ಟು ಚಳಿ ಕುಂದಗೋಳದಲ್ಲಿ ಎಲ್ಲಿದೆ? ಐಸ್‌ಕ್ರೀಮ್ ಅಂಗಡಿಯಲ್ಲಿ. ಬಸ್ ನಿಲ್ದಾಣದ ಬಳಿಯ ಅಂಗಡಿಯವನಿಗೆ ಚಳಿಗಾಲದಲ್ಲಿ ವ್ಯಾಪಾರವಿರಲಿಲ್ಲ, ಒಂದು ಫ್ರೀಜರ್ ಖಾಲಿ ಮಾಡಿಕೊಟ್ಟ. ಎರಡನೇ ದಿನ ಯಾರೋ ಮುಚ್ಚಳ ತೆಗೆದು ನೋಡಿ, ಒಳಗೆ ಕೂದಲಿರುವ ಪ್ರಾಣಿ ಸತ್ತುಬಿದ್ದಿದೆ ಎಂದು ಗದ್ದಲ ಎಬ್ಬಿಸಿದರು. ಸಾಹೇಬರು ಹೋಗಿ, ಚೀಲ ಬಿಚ್ಚಿ, ಬಜಾರಿನ ನಡುವೆ ಆ ಜಾಕೆಟ್ಟು ತಾವೇ ಹಾಕಿಕೊಂಡು ತೋರಿಸಬೇಕಾಯಿತು. ಮೀಸೆಯ ಮೇಲೆ ಹಿಮದ ಪುಡಿ. ಜನ ಚಪ್ಪಾಳೆ ತಟ್ಟಿದರು. ಬರುವಾಗ ದಾರಿಯುದ್ದಕ್ಕೂ ಇಬ್ಬರೂ ನಕ್ಕೆವು. ಹಾಗೆ ನಕ್ಕದ್ದು ಮತ್ತೆ ನೆನಪಿಲ್ಲ.

ಸಾಹೇಬರ ಸ್ವಂತ ಜಾಕೆಟ್ಟನ್ನು ಅವರು ಟ್ರಸ್ಟಿಗೆ ಕೊಟ್ಟಿರಲಿಲ್ಲ. ಚಳಿಗಾಲದಲ್ಲಿ ಹಾಕಿಕೊಂಡೇ ಗಿರಣಿಗೆ ಬರುತ್ತಿದ್ದರು. ಎಣ್ಣೆ ಕಾಣದ ಜಾಕೆಟ್ಟು ಅದು, ಆದರೂ ಮೆತ್ತಗಿತ್ತು. ಮೈ ಬಿಸಿ, ಮೈ ಬಾಗು ಇರುವವರೆಗೆ ತೊಗಲು ಗಡುಸಾಗುವುದಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರು ಅದನ್ನು ಗಿರಣಿಗೆ ಕಳಿಸಿದರು. ನಾನೇ ಸಂಖ್ಯೆ ಹಾಕಿದೆ, ನಾನೇ ತೋಳುಗಳೊಳಗೆ ಬಟ್ಟೆ ತುಂಬಿದೆ, ಪೆಟ್ಟಿಗೆಯಲ್ಲಿ ಮಲಗಿಸಿದೆ. ಎರಡನೆಯ ಮಳೆಗಾಲಕ್ಕೆ ಮೊಣಕೈಯ ಮಡಿಕೆ ಬಿಗಿಯತೊಡಗಿತು. ಬೇರೆಲ್ಲ ಜಾಕೆಟ್ಟುಗಳೂ ನನಗೆ ಸಿಕ್ಕಾಗಲೇ ಹಾಗಿದ್ದವು. ಇದೊಂದು ಮಾತ್ರ ನನ್ನ ಕಣ್ಣೆದುರಿಗೆ ಹಾಗಾಯಿತು. ರಿಜಿಸ್ಟರು ತೆರೆದು, ಪೆನ್ನು ಹಿಡಿದು ಎಷ್ಟು ಹೊತ್ತು ಕೂತರೂ ಬರೆಯಲು ಕೈ ಬರಲಿಲ್ಲ.

ಟ್ರಸ್ಟು ಸಾಹೇಬರ ಅಣ್ಣನ ಮಗನ ಕೈಗೆ ಬಂತು. ಅವರು ಕೆಟ್ಟವರಲ್ಲ. ಜನ ಬರಬೇಕೆಂಬ ಆಸೆ ಅವರಿಗೆ. ಒಂದು ದಿನ ಕರೆದು, ‘ಯಲ್ಲಪ್ಪನವ್ರ, ಇವೆಲ್ಲಾ ಹಳೇ ಬಜಾರದ ಸಾಮಾನ ಕಂಡಂಗ ಕಾಣ್ತಾವ್ರಿ. ಬಣ್ಣಾ ಹಾಕಿ, ಪಟ್ಟಿ ಬದಲ ಮಾಡಿ, ಹೊಸಾವು ಮಾಡಿಕೊಡೋ ಮಂದಿ ಅದಾರ. ಎಲ್ಲಾ ಅವ್ರ ಕಡೆ ಕೊಡೂಣು’ ಅಂದರು.

‘ಬ್ಯಾಡ್ರಿ’ ಅಂದೆ. ಮೇಲಿನವರಿಗೆ ನಾನು ಹಾಗೆ ಹೇಳಿದ್ದು ಮೊದಲ ಸಲ.

‘ಯಾಕ?’

ಪುಸ್ತಕದ ಕಾರಣಗಳನ್ನು ಹೇಳಿದೆ. ಅವರು ಕೈಗಡಿಯಾರ ನೋಡಿಕೊಂಡರು. ಬೇರೆ ದಾರಿಯಿರಲಿಲ್ಲ. ಮಾಧವರಾವ್ ಅವರ ಜಾಕೆಟ್ಟು ತಂದು ಮೇಜಿನ ಮೇಲಿಟ್ಟು, ಅದಕ್ಕೆ ನಾನು ಮಾಡಿದ್ದನ್ನೂ ಆ ದಿನ ಅಕ್ಕೋರಿಗೆ ಹೇಳಿದ ಸುಳ್ಳನ್ನೂ ಒಂದೂ ಬಿಡದೆ ಹೇಳಿದೆ. ಅವರು ಆ ಕಂದು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ‘ಇದನ್ನ ಬರದು ಕೊಡ್ತೀರಿ? ಮೀಟಿಂಗಿನಾಗ ಓದಬೇಕಾಗತೈತಿ. ನಿಮ್ಮ ಹೆಸರಿನ ಮ್ಯಾಲೆ’ ಅಂದರು. ನಿವೃತ್ತಿಗೆ ಮೂರು ವರ್ಷವಿತ್ತು. ಬರೆದು ಕೊಟ್ಟೆ.

ಮೀಟಿಂಗಿನಲ್ಲಿ ಆದದ್ದನ್ನು ಈಗಲೇ ಹೇಳುತ್ತೇನೆ. ಯಾರು ತೊಟ್ಟರೆಂದು ಗೊತ್ತಿಲ್ಲದ ಮೂರು ವಿದೇಶಿ ಜಾಕೆಟ್ಟುಗಳನ್ನು ಮಾತ್ರ ಬಣ್ಣಕ್ಕೆ ಕೊಟ್ಟರು. ಬಂದವರು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಉಳಿದವನ್ನು ಮುಟ್ಟಲಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು, ತೆಗೆದುಕೊಂಡೆ. ಆದರೆ ಮೀಟಿಂಗಿಗೆ ನಾಲ್ಕು ದಿನ ಮೊದಲೇ ನಾನು ಕುಬಿಹಾಳಕ್ಕೆ ಹೋಗಿದ್ದೆ. ಬೇರೆಯವರ ಬಾಯಿಂದ ಅಕ್ಕೋರಿಗೆ ತಿಳಿಯಬಾರದಿತ್ತು.

ಅವರು ಅಣ್ಣನ ಮಕ್ಕಳ ಮನೆಯಲ್ಲಿದ್ದರು. ದೊಡ್ಡಣ್ಣನ ಮಕ್ಕಳು, ಎಲ್ಲರೂ ನೌಕರಿಗೆ ಹೋಗಿದ್ದರು. ಅಕ್ಕೋರು ಪಡಸಾಲೆಯಲ್ಲಿ ಮುಂದೆ ಮೊರ ಇಟ್ಟುಕೊಂಡು ಕಡಲೆ ಬಿಡಿಸುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದರು. ‘ಬಾ, ಕೂಡು’ ಅಂದರು. ನಾನು ಅಂಗಳದಲ್ಲೇ ನಿಂತು ಹೇಳಿದೆ.

‘ಆ ಕೆಂಪು ಪಟ್ಟಿ ಇದ್ದೂರಿ ಅಕ್ಕೋರ. ಬಂದಾಗ ಇದ್ದೂ. ನಾನ ಕಿತ್ತೆ. ನಿಮಗ ಸುಳ್ಳ ಹೇಳಿದೆ.’

ಅವರ ಕೈ ನಿಂತಿತು. ‘ಏನಂದಿ?’

ಮತ್ತೆ ಹೇಳಿದೆ.

‘ಎಲ್ಲೆ ಅವ ಈಗ?’

‘ಒಲಿಗೆ ಹಾಕಿಬಿಟ್ಟೆರಿ.’

ಅವರು ಕೈಯಲ್ಲಿದ್ದ ಕಡಲೆಯನ್ನು ಮಡಿಲಿಗೆ ಹಾಕಿಕೊಂಡರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳತೊಡಗಿದರು. ‘ಅಂವ ರಜಾಕ್ಕ ಬಂದಿದ್ದ. ಮುಂಗೈ ಹರಕೊಂಡಿತ್ತು. ಊರಾಗ ಉಲನ್ ಸಿಗತಿದ್ದಿಲ್ಲ. ನಂದೊಂದು ಕೆಂಪು ಸ್ವೆಟರ್ ಇತ್ತು, ಅದನ್ನ ಬಿಚ್ಚಿ ಹೆಣದುಕೊಟ್ಟೆ. ಎಲ್ಲಾರೂ ನಕ್ಕರು. ಆಫೀಸರ್ ಮಂದ್ಯಾಗ ಹಿಂಥಾದ್ದು ಹಾಕ್ಕೋತಾನೇನು ಅಂತ. ಅಂವ ಹಾಕ್ಕೊಂಡು ಹೋದ.’ ತಲೆಯೆತ್ತಿ ನನ್ನನ್ನು ನೋಡಿದರು. ‘ನೀ ಅವತ್ತ “ಬಂದಾಗ ಹಿಂಗ ಇತ್ತು” ಅಂದಿ. ನಾ ತಿಳಕೊಂಡೆ, ಅವಗ ನಾಚಿಕಿ ಬಂದು ತಾನ ಪಟ್ಟಿ ಕಿತ್ತು ಒಗದಾನ ಅಂತ. ಇಪ್ಪತ್ತೆರಡು ವರ್ಷ. ಅವನ ತಿಥಿ ದಿವಸ ಬಡಸತಿದ್ದೆ, ಕಣ್ಣಾಗ ಒಂದು ಹನಿ ಬರತಿದ್ದಿಲ್ಲ. ಸತ್ತವನ ಮ್ಯಾಲೆ ಸಿಟ್ಟು ಇಟಗೊಂಡು ಕೂತಿದ್ದೆ ನಾ!’

ನನ್ನ ಸುಳ್ಳು ಇಲ್ಲಿಯವರೆಗೆ ಹೋಗಿದೆಯೆಂದು ನನಗೆ ಹೊಳೆದಿರಲಿಲ್ಲ. ನಾನು ಕದ್ದದ್ದು ಎರಡು ಪಟ್ಟಿ ಮಾತ್ರ ಎಂದುಕೊಂಡಿದ್ದೆ. ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ.

ನನಗೆ ಗೊತ್ತಿದ್ದದ್ದು ಸವೆತ ಒಂದೇ. ಅದನ್ನೇ ಹೇಳಿದೆ. ‘ಅವು ಬಾಳ ಸವದಿದ್ದೂರಿ ಅಕ್ಕೋರ. ಒಂದು ಚಳಿಗಾಲ ಹಾಕ್ಕೊಂಡ್ರ ಉಲನ್ ಹಂಗ ಆಗಂಗಿಲ್ಲ. ಒತ್ತಿ ಒತ್ತಿ ಕಂಬಳಿಯಂಗ ಗಟ್ಟಿಯಾಗಿತ್ತು. ನಾಕೈದು ವರ್ಷರ ದಿನಾ ಹಾಕ್ಕೊಂಡಿರಬೇಕ್ರಿ. ಎಡಗೈದು ಜಾಸ್ತಿ ಸವದಿತ್ತು, ಗಡಿಯಾರ ತಿಕ್ಕಿ.’

‘ಗಡಿಯಾರ ನಮ್ಮಪ್ಪಂದು’ ಅಂದರು.

‘ಎಡಗೈಯಾಗ ಎಳಿ ಬಿಚ್ಚಿತ್ತು. ಅದನ್ನ ನೀಲಿ ದಾರದಾಗ ಯಾರೋ ಹೊಲದಿದ್ರು. ಹೊಲಿಯಾಕ ಬರದವ್ರು. ಒಂದು ಹೊಲಿಗಿ ಇಲ್ಲಿ, ಒಂದು ಅಲ್ಲಿ. ಬಿಚ್ಚಿ ಹೋಗಬಾರದು ಅಂತ ಮ್ಯಾಲಿಂದ ಮ್ಯಾಲೆ ಗಂಟು ಹಾಕಿದ್ರು.’

‘ಅವಗ ಸೂಜ್ಯಾಗ ದಾರಾ ಪೋಣಸಲಿಕ್ಕೂ ಬರತಿದ್ದಿಲ್ಲ’ ಎಂದರು ಅಕ್ಕೋರು. ದನಿ ಬದಲಾಗಿತ್ತು. ‘ಎಷ್ಟು ಗಂಟು?’

‘ಆರೇಳು ಇದ್ದೂರಿ.’

ಅವರು ಎದ್ದರು. ಮಡಿಲಲ್ಲಿದ್ದ ಕಡಲೆ ನೆಲಕ್ಕೆ ಚೆಲ್ಲಿದವು. ಬಾಗಿಲ ಚೌಕಟ್ಟು ಹಿಡಿದು ನಿಂತು, ‘ನಿನಗ ಏನನ್ನಬೇಕು ನನಗ ತಿಳೀವಲ್ದು ಯಲ್ಲಪ್ಪ. ಬೈಲಿಕ್ಕೂ ಆಗವಲ್ದು. ನೀ ಹೋಗು ಇನ್ನ’ ಅಂದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ಹೋಗಲಿಲ್ಲ. ಆಮೇಲೆ ಒಳಗಿನಿಂದ ಅಳುವ ದನಿ ಬಂತು. ಮುದುಕಿಯ ಅಳು ಅನ್ನಿಸಲಿಲ್ಲ, ಅಣ್ಣ ಸತ್ತ ಸುದ್ದಿ ಆಗಷ್ಟೇ ಕೇಳಿದ ಹುಡುಗಿಯಂತೆ ದೊಡ್ಡ ದನಿ ತೆಗೆದು ಅತ್ತರು. ನಾನು ಪಡಸಾಲೆಯ ನೆಲದ ಮೇಲೆ ಚೆಲ್ಲಿದ ಕಡಲೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತ ಕೂತೆ. ಎಲ್ಲ ಆರಿಸಿ ಮುಗಿದ ಮೇಲೂ ಅಳು ನಿಂತಿರಲಿಲ್ಲ. ಮೊರವನ್ನು ಬಾಗಿಲ ಪಕ್ಕಕ್ಕೆ ಸರಿಸಿಟ್ಟು, ಸಪ್ಪಳವಾಗದಂತೆ ಅಂಗಳ ದಾಟಿದೆ.